ಸಾಬೀತು ಮಾಡುವ ಹೊಣೆ ಯಾರದು? ಅಮೆರಿಕದ ಔಷಧ ಕಾನೂನುಗಳು ನಡೆದು ಬಂದ ಹಾದಿ

ಹೊಸ ಔಷಧವೊಂದು ಅಂಗಡಿಗೆ ಬರುವ ಮುನ್ನ ಅದರಿಂದ ಅಪಾಯವಿಲ್ಲ ಎಂದು ತೋರಿಸಬೇಕಾದವರು ಯಾರು? ತಯಾರಿಸಿದವರೇ ಎಂದು ಇಂದು ಯಾರಾದರೂ ಹೇಳಿಯಾರು. ಅಮೆರಿಕದ ಫೆಡರಲ್ ಕಾನೂನು ಈ ಉತ್ತರಕ್ಕೆ ಬಂದದ್ದು ಒಂದೊಂದೇ ಹೆಜ್ಜೆಯಾಗಿ, ಹೆಚ್ಚಿನ ಸಲ ಸಾವುನೋವುಗಳ ಬೆನ್ನಿಗೆ.

1901ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಧನುರ್ವಾಯು ವಿಷ ಬೆರೆತ ಡಿಫ್ತೀರಿಯಾ ಪ್ರತಿವಿಷದಿಂದ 13 ಮಕ್ಕಳು ಸತ್ತರು. ಮರುವರ್ಷವೇ ಲಸಿಕೆ ಮತ್ತು ಸೀರಮ್ ತಯಾರಕರಿಗೆ ಪರವಾನಗಿ ಕಡ್ಡಾಯವಾಯಿತು. ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ ವರ್ಷಗಟ್ಟಲೆ ಹೋರಾಡಿದ ಫಲವಾಗಿ 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂತು. ಆದರೆ ಅದು ಕೇಳಿದ್ದು ಲೇಬಲ್‌ನ ಪ್ರಾಮಾಣಿಕತೆಯನ್ನು ಮಾತ್ರ. ಅಫೀಮು, ಕೊಕೇನ್ ಬೆರೆಸಿದ್ದರೆ ಹಾಗೆಂದು ಬರೆದು ಮಾರಬಹುದಿತ್ತು. ಔಷಧದಲ್ಲಿ ಏನಿದೆ ಎಂಬ ಬಗ್ಗೆ ಸುಳ್ಳು ಹೇಳಿದರೆ ತಪ್ಪು, ರೋಗ ವಾಸಿಯಾಗುತ್ತದೆಂಬ ಸುಳ್ಳಿಗೆ ಈ ಕಾಯ್ದೆ ಅನ್ವಯಿಸದು ಎಂದು 1911ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1912ರ ಶೆರ್ಲಿ ತಿದ್ದುಪಡಿ ಆ ಕಿಂಡಿ ಮುಚ್ಚಲು ಹೊರಟಿತಾದರೂ, ಮೋಸದ ಉದ್ದೇಶವಿತ್ತೆಂದು ಸಾಬೀತು ಮಾಡುವ ಭಾರವನ್ನು ಸರ್ಕಾರದ ಮೇಲೆಯೇ ಹೊರಿಸಿತು.

ಈ ವ್ಯವಸ್ಥೆಯ ಪೊಳ್ಳುತನ ಬಯಲಾದದ್ದು 1937ರಲ್ಲಿ. ಸೋಂಕುಗಳಿಗೆ ಸಲ್ಫಾನಿಲಮೈಡ್ ಒಳ್ಳೆಯ ಔಷಧವೇ. ಅದನ್ನು ದ್ರವರೂಪಕ್ಕೆ ತರಲು ಟೆನೆಸಿಯ ಮ್ಯಾಸೆಂಗಿಲ್ ಕಂಪನಿ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿ, ರಾಸ್‌ಬೆರಿ ರುಚಿ ಸೇರಿಸಿತು. ಬಣ್ಣ, ವಾಸನೆ, ರುಚಿ ನೋಡಿದರು. ಆ ದ್ರಾವಕ ವಿಷವೇ ಎಂದು ನೋಡಲಿಲ್ಲ; ಅದು ವಿಷವೇ ಆಗಿತ್ತು. ಪರೀಕ್ಷಿಸಿ ನೋಡಬೇಕೆಂದು ಕಾನೂನೂ ಹೇಳಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) ಇನ್‌ಸ್ಪೆಕ್ಟರುಗಳು ಊರೂರು ಅಲೆದು ಬಾಟಲಿಗಳನ್ನು ಜಪ್ತಿ ಮಾಡಿದರು. ಅದಕ್ಕೆ ಸಿಕ್ಕ ಕಾನೂನಿನ ಆಧಾರ ಮಾತ್ರ ವಿಚಿತ್ರ: 'ಎಲಿಕ್ಸಿರ್' ಎಂದರೆ ಆಲ್ಕೋಹಾಲ್ ಇರುವ ದ್ರಾವಣ; ಹಾಗೆಂದು ಹೆಸರಿಟ್ಟು ಅದರಲ್ಲಿ ಆಲ್ಕೋಹಾಲ್ ಹಾಕಿರಲಿಲ್ಲ! 1938ರ ಕಾಯ್ದೆ ಲೆಕ್ಕವನ್ನು ತಿರುವಿಹಾಕಿತು. ಮಾರುವ ಮುನ್ನವೇ ಸುರಕ್ಷತೆಯ ಪುರಾವೆಯನ್ನು ಕಂಪನಿ ಒಪ್ಪಿಸಬೇಕಾಯಿತು. ಆದರೂ ಒಂದು ಸಡಿಲ ಗಂಟು ಉಳಿಯಿತು: ನಿಗದಿತ ಅವಧಿಯಲ್ಲಿ ಎಫ್‌ಡಿಎ ಆಕ್ಷೇಪಿಸದಿದ್ದರೆ ಔಷಧಕ್ಕೆ ತಾನಾಗಿಯೇ ದಾರಿ ಸಿಗುತ್ತಿತ್ತು. ಯಾವ ಔಷಧಕ್ಕೆ ವೈದ್ಯರ ಚೀಟಿ ಬೇಕು ಎಂಬುದನ್ನು 1951ರ ಡರ್ಹಮ್-ಹಂಫ್ರಿ ತಿದ್ದುಪಡಿ ನಿರ್ಧರಿಸಿತು.

1960ರಲ್ಲಿ ಥಾಲಿಡೊಮೈಡ್ ಎಂಬ ನಿದ್ರೆ ಔಷಧದ ಅರ್ಜಿ ಎಫ್‌ಡಿಎಯ ಡಾ. ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಬಂತು. ಯುರೋಪಿನಲ್ಲಿ ಅದು ಆಗಲೇ ಧಾರಾಳವಾಗಿ ಮಾರಾಟವಾಗುತ್ತಿತ್ತು. ಕೆಲ್ಸಿ ಮಾಹಿತಿ ಸಾಲದೆಂದು ಅರ್ಜಿಯನ್ನು ಮತ್ತೆ ಮತ್ತೆ ಹಿಂದಿರುಗಿಸಿದರು. ಪ್ರತಿ ಸಲವೂ ಆಕ್ಷೇಪಕ್ಕಿದ್ದ 60 ದಿನಗಳ ಗಡುವು ಹೊಸದಾಗಿ ಶುರುವಾಯಿತು. ಅಷ್ಟರಲ್ಲಿ ಗರ್ಭಿಣಿಯರು ಆ ಔಷಧ ಸೇವಿಸಿದ್ದರಿಂದ ಕೈಕಾಲು ಬೆಳೆಯದೆ ಹುಟ್ಟಿದ ಶಿಶುಗಳ ಸುದ್ದಿ ಯುರೋಪಿನಿಂದ ಬಂತು. 1962ರ ಕೆಫಾವರ್-ಹ್ಯಾರಿಸ್ ತಿದ್ದುಪಡಿ ಎಫ್‌ಡಿಎಯ ಮೌನವನ್ನು ಸಮ್ಮತಿಯೆಂದು ಎಣಿಸುವುದನ್ನು ನಿಲ್ಲಿಸಿತು. ಔಷಧ ಗುಣ ಕೊಡುತ್ತದೆಂದು ನಿಯಂತ್ರಿತ ಪ್ರಯೋಗಗಳಿಂದ ತೋರಿಸುವುದೂ ಕಡ್ಡಾಯವಾಯಿತು.

ಆಮೇಲಿನ ಕಾನೂನುಗಳ ಚಿಂತೆ ಬೇರೆ: ಬೆಲೆ ಮತ್ತು ವೇಗ. 1983ರ ಕಾಯ್ದೆ ಅಪರೂಪದ ರೋಗಗಳ ಔಷಧಗಳಿಗೆ ಉತ್ತೇಜನ ಕೊಟ್ಟಿತು. 1984ರ ಹ್ಯಾಚ್-ವ್ಯಾಕ್ಸ್‌ಮನ್ ಕಾಯ್ದೆ, ಮೂಲ ಔಷಧಕ್ಕೆ ಸಮವೆಂದು ತೋರಿಸಿದರೆ ಸಾಕೆಂದು ಜೆನೆರಿಕ್‌ಗಳಿಗೆ ಬಾಗಿಲು ತೆರೆಯಿತು; ಭಾರತದ ಕಂಪನಿಗಳು ಅಮೆರಿಕದ ಮಾರುಕಟ್ಟೆಯಲ್ಲಿ ಬೇರೂರಿದ್ದು ಆ ಬಾಗಿಲಿನಿಂದಲೇ. ಜೈವಿಕ ಔಷಧಗಳಿಗೆ 2010ರ ಕಾನೂನು ಅಂಥದೇ ದಾರಿ ಮಾಡಿತು. ಬೆಂಗಳೂರಿನ ಬಯೋಕಾನ್ ಕಂಪನಿಯು ಮೈಲಾನ್ ಕಂಪನಿಯೊಡನೆ ಸೇರಿ ರೂಪಿಸಿದ ಕ್ಯಾನ್ಸರ್ ಔಷಧ ಒಗಿವ್ರಿ 2017ರಲ್ಲಿ ಅನುಮತಿ ಪಡೆದದ್ದು ಆ ದಾರಿಯಲ್ಲಿ.

ಏಡ್ಸ್ ರೋಗಿಗಳ ಪ್ರತಿಭಟನೆಯ ಬಳಿಕ, 1992ರಲ್ಲಿ, ತ್ವರಿತ ಅನುಮೋದನೆಯ ನಿಯಮ ಬಂತು. ಗುಣದ ಮುನ್ಸೂಚನೆ ಕಂಡರೆ ಮಾರಬಹುದು, ಖಚಿತ ಪುರಾವೆ ಆಮೇಲೆ ಕೊಡಬಹುದು. ಅದೇ ವರ್ಷ ಪರಿಶೀಲನೆಯ ಖರ್ಚಿಗೆ ಕಂಪನಿಗಳಿಂದಲೇ ಶುಲ್ಕ ಪಡೆಯುವ ಕಾನೂನೂ ಆಯಿತು. ನೋವುನಿವಾರಕ ವಯಾಕ್ಸ್ ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿದ ಮೇಲೆ, 2007ರ ಕಾಯ್ದೆ ಮಾರಾಟಾನಂತರದ ಅಧ್ಯಯನಗಳನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಎಫ್‌ಡಿಎಗೆ ಕೊಟ್ಟಿತು.

ಸಾಯುತ್ತಿರುವ ರೋಗಿಗೆ ಪೂರ್ಣ ಪುರಾವೆಗಾಗಿ ಕಾಯಿರಿ ಎನ್ನಲಾಗದು, ನಿಜ. ಆದರೆ ಮುಂದೂಡಿದ ಪುರಾವೆಯನ್ನು ಗಡುವಿನೊಳಗೆ ವಸೂಲು ಮಾಡದಿದ್ದರೆ, 1938 ಮತ್ತು 1962ರಲ್ಲಿ ಕಂಪನಿಗಳ ಹೆಗಲಿಗೆ ಹೊರಿಸಿದ ಹೊಣೆ ಸದ್ದಿಲ್ಲದೆ ರೋಗಿಯ ಹೆಗಲಿಗೆ ಜಾರುತ್ತದೆ.