ದಿಬ್ಬವಿಲ್ಲದೆಯೂ ಸಿಕ್ಕ ಕಣ

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಜೀಕು ಹೆಚ್ಚುತ್ತದೆ. ಇದೇ ಅನುರಣನೆ. ಪ್ರೋಟಾನಿಗೂ ಇಂಥ ಲಯವುಂಟೆಂಬ ಸುಳಿವು ದೊರೆತದ್ದು 1952ರಲ್ಲಿ, ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ.

ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಅಲ್ಲಿ ಪಯಾನ್ ಕಣಗಳನ್ನು ದ್ರವ ಹೈಡ್ರೋಜನ್ನಿನ ಮೇಲೆ ಹಾಯಿಸಿದರು. ಪಯಾನುಗಳ ಶಕ್ತಿ ಏರಿದಂತೆ, ಪ್ರೋಟಾನಿಗೆ ಬಡಿದು ಚದರುವ ಪ್ರಮಾಣವೂ ಕಡಿದಾಗಿ ಏರಿತು. ಎರಡೂ ಕೂಡಿ ಹೊಸ ಕಣವಾಗುತ್ತಿತ್ತೆ? ಆಗಿದ್ದರೂ ಅದು ಯಾವ ಉಪಕರಣದಲ್ಲೂ ಗೆರೆ ಮೂಡಿಸುವಷ್ಟು ಕಾಲ ಬದುಕದು.

ಕ್ವಾಂಟಂ ಸಿದ್ಧಾಂತದಲ್ಲಿ ಕಣವು ಅಲೆಯೂ ಹೌದು. ಚದರಿದ ಅಲೆ, ಬೇರೆ ಬೇರೆ ಕೋನೀಯ ಸಂವೇಗದ ಆಂಶಿಕ ತರಂಗಗಳ ಮೊತ್ತ. ಯಾವ ದಿಕ್ಕಿಗೆ ಎಷ್ಟು ಪಯಾನುಗಳು ಹೋದವೆಂದು ಎಣಿಸಿ, ಒಂದೊಂದು ತರಂಗದ ಪಾಲನ್ನೂ ಬೇರ್ಪಡಿಸಬೇಕು; ಮೇಳದ ಸದ್ದಿನಲ್ಲಿ ಒಂದೊಂದೇ ವಾದ್ಯವನ್ನು ಗುರುತಿಸಿದಂತೆ. ಒಂದು ತರಂಗದ ಹೆಜ್ಜೆ ಶಕ್ತಿಯೊಡನೆ ಪಲ್ಲಟವಾಗುತ್ತ 90 ಡಿಗ್ರಿ ದಾಟಿದರೆ ಅನುರಣನೆಯನ್ನು ಶಂಕಿಸಬಹುದು.

ಫರ್ಮಿ ಈ ಲೆಕ್ಕವನ್ನು ಲಾಸ್ ಅಲಮಾಸಿನ ಮೇನಿಯಾಕ್ ಕಂಪ್ಯೂಟರಿಗೆ ಒಪ್ಪಿಸಿದರು. ಆದರೆ ಅದೇ ಅಂಕಿಗಳಿಗೆ ಹಲವು ಉತ್ತರಗಳು ಹೊಂದಿದವು. 1954ರಲ್ಲಿ ಫರ್ಮಿ ತೀರಿಕೊಂಡರು. ಹೊಸ ಪ್ರಯೋಗಗಳೂ ಲೆಕ್ಕಗಳೂ ಸಂಶಯವನ್ನು ನಿವಾರಿಸಿದ್ದು ಆ ಬಳಿಕ. ಅದೇ ಡೆಲ್ಟಾ, ಪ್ರೋಟಾನಿಗಿಂತ ಸುಮಾರು ಮೂರನೇ ಒಂದರಷ್ಟು ಭಾರ.

ಡೆಲ್ಟಾ ಇರುವೆಡೆ ಚದರಿಕೆಯ ನಕ್ಷೆಯಲ್ಲಿ ದಿಬ್ಬವಾದರೂ ಇತ್ತು. 1964ರಲ್ಲಿ ಸಂಶೋಧನಾ ವಿದ್ಯಾರ್ಥಿ ಡೇವಿಡ್ ರೋಪರ್ ಕಂಡ ಅನುರಣನೆಗೆ ಅದೂ ಇರಲಿಲ್ಲ. ತರಂಗಗಳನ್ನು ಬೇರ್ಪಡಿಸಿದಾಗಷ್ಟೇ ಅದು ತಲೆಯೆತ್ತಿತು. ಲೆಕ್ಕದಿಂದ ಅದನ್ನು ತೊಲಗಿಸಲು ಅವರೇ ಬಹಳ ಯತ್ನಿಸಿದರು. ತೊಲಗಲಿಲ್ಲ. ಇಂದು ಅದಕ್ಕೆ ಅವರದೇ ಹೆಸರು. ಅಳಿಸಲು ಹೊರಟವರ ಕೈಯಲ್ಲೂ ಅಳಿಯದೆ ಉಳಿದದ್ದೇ ಅದರ ಇರವಿಗೆ ಮೊದಲ ಸಾಕ್ಷಿಯಾಯಿತು.