ಪರದೇಶದ ಮೀನು, ಸ್ವದೇಶದ ನೀರು

ಒಂದು ಮೀನಿನ ಪರವಾಗಿ ಶಾಸನಸಭೆಯಲ್ಲಿ ವಾದಿಸುವವರಿರುತ್ತಾರೆಂದರೆ ನಮಗೆ ಸೋಜಿಗವೆನಿಸೀತು. ನ್ಯೂಜಿಲೆಂಡಿನಲ್ಲಿ ಟ್ರೌಟ್ ಮೀನಿಗೆ ಆ ಭಾಗ್ಯ ಬಹುಕಾಲದಿಂದ ಒದಗಿಬಂದಿದೆ. ವಿಶೇಷವೆಂದರೆ, ಆ ಮೀನು ಆ ನಾಡಿನದಲ್ಲ.

1864ರಲ್ಲಿ ‘ನಾರ್ಫೋಕ್’ ಎಂಬ ಹಡಗು ಇಂಗ್ಲೆಂಡಿನಿಂದ ಟಾಸ್ಮೇನಿಯಕ್ಕೆಂದು ಸಾಲ್ಮನ್ ಮೀನಿನ ಮೊಟ್ಟೆಗಳನ್ನು ಹೊತ್ತು ಹೊರಟಿತು. ಹಾವಸೆಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಜೋಪಾನ ಮಾಡಿದ ಆ ಮೊಟ್ಟೆಗಳ ಜೊತೆಗೆ ಟ್ರೌಟಿನವೂ ಕೆಲವು ಸಾವಿರ ಇದ್ದವು. ಹಾರೈಸಿ ತಂದ ಸಾಲ್ಮನ್ ನೆಲೆಯೂರಲಿಲ್ಲ. ಜೊತೆಗೆ ಬಂದ ಟ್ರೌಟ್ ನಿಂತಿತು. 1867ರಲ್ಲಿ ಅದರ ಸಂತತಿ ನ್ಯೂಜಿಲೆಂಡಿನ ಹೊಳೆಗಳಿಗೆ ಬಂತು. ಅದೇ ವರ್ಷ ಅದರ ರಕ್ಷಣೆಗೆ ಶಾಸನವೂ ಆಯಿತು. ಕೂಸು ಹುಟ್ಟುವುದಕ್ಕೇ ಕಾವಲು!

ಇದರ ಹಿಂದೆ ಒಂದು ಆಸೆಯಿತ್ತು. ಇಂಗ್ಲೆಂಡಿನಲ್ಲಿ ಹೊಳೆಯ ಮೀನು ದಡದ ಜಮೀನುದಾರನ ಸೊತ್ತು. ಹೊಸ ನಾಡಿನಲ್ಲಿ ಹಾಗಾಗಬಾರದು, ಪರವಾನಗಿ ಪಡೆದ ಯಾರೇ ಆದರೂ ಗಾಳ ಹಾಕಬೇಕು, ಹಿಡಿದದ್ದನ್ನು ಮಾರಬಾರದು ಎಂಬ ನಿಯಮ ಅಲ್ಲಿ ಬೇರೂರಿತು. ಸಮಾನತೆಯ ಈ ಕನಸನ್ನು ನಾನು ಗೌರವಿಸುತ್ತೇನೆ. ಆದರೆ ಆ ನೀರು ಬರಿದಾಗಿರಲಿಲ್ಲ.

ಟಾಉಪೊ ಸರೋವರದಲ್ಲಿ ಮಾವೊರಿ ಜನರಿಗೆ ಆಹಾರವಾಗಿದ್ದ ಕೋಅರೊ ಎಂಬ ಸಣ್ಣ ಮೀನು ಟ್ರೌಟಿನ ಬಾಯಿಗೆ ಬಿದ್ದು ಕ್ಷೀಣಿಸಿತು. 1926ರಲ್ಲಿ ಸರೋವರದ ತಳ ಸರ್ಕಾರದ ವಶವಾಯಿತು. ಬದಲಿಗೆ ತೂಫರೆತೋಅ ಪಂಗಡಕ್ಕೆ ಮೀನುಗಾರಿಕೆಯ ಪರವಾನಗಿಯ ಹಣದಲ್ಲಿ ಪಾಲು ಸಿಕ್ಕಿತು. ತಳದ ಒಡೆತನ ಹಿಂದಿರುಗಿದ್ದು 1992ರಲ್ಲಿ. ಒಂದು ಕಾಲಕ್ಕೆ ಹೊಳೆಗಳಲ್ಲಿ ತುಂಬಿದ್ದ ಉಪೊಕೊರೊರೊ ಎಂಬ ಮೀನು ಖಚಿತವಾಗಿ ಕಡೆಯ ಬಾರಿ ಕಂಡದ್ದು 1923ರಲ್ಲಿ. ಅದಕ್ಕೆ ಕಾನೂನಿನ ಪೂರ್ಣ ರಕ್ಷಣೆ ದೊರೆತದ್ದು 1951ರಲ್ಲಿ! ಟ್ರೌಟೊಂದನ್ನೇ ದೂರುವುದು ಸಲ್ಲ. ಕಾಡು ಕಡಿದ ಕೈಗಳೂ ಇದ್ದವು. ಆದರೂ ಈ ಎರಡು ಶಾಸನಗಳ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನ್ನ ಮನಸ್ಸು ಮುದುಡುತ್ತದೆ.

ಹಾಗೆಂದು ಗಾಳಗಾರರನ್ನು ಖಳರೆನ್ನಲು ನಾನು ಸಿದ್ಧನಿಲ್ಲ. ಅಣೆಕಟ್ಟುಗಳಿಂದ ಹೊಳೆಗಳನ್ನು ಉಳಿಸಲು 1981ರಲ್ಲಿ ಬಂದ ತಿದ್ದುಪಡಿಯ ಹಿಂದೆ ಅವರ ಸಂಘಗಳ ಒತ್ತಾಯವೂ ಇತ್ತು. ಅದರಂತೆ 1984ರಲ್ಲಿ ಮೊಟು ನದಿಗೆ ಮೊದಲ ರಕ್ಷಣೆ ದೊರೆಯಿತು. ಹೈನುಗಾರಿಕೆಯ ಹೊಲಸು ನೀರಿಗೆ ಸೇರಿದಾಗ ಗಟ್ಟಿಯಾಗಿ ಕೂಗಿದವರೂ ಅವರೇ. ಟ್ರೌಟಿಗೆಂದು ಕಾದ ತಿಳಿನೀರು ನಾಡಮೀನುಗಳಿಗೂ ಒದಗಿತು.

1991ರ ಸಂಪನ್ಮೂಲ ಕಾಯಿದೆ ಟ್ರೌಟ್ ಮತ್ತು ಸಾಲ್ಮನ್‌ಗಳ ನೆಲೆಯ ರಕ್ಷಣೆಯನ್ನು ಹೆಸರಿಸಿಯೇ ಹೇಳಿತು. ಮುಂದೆ 2018ರಲ್ಲಿ ನಾಡಮೀನುಗಳ ರಕ್ಷಣೆಗೆ ಮಸೂದೆ ಬಂದಾಗ ಗಾಳಗಾರರಲ್ಲಿ ಕಳವಳ ಹುಟ್ಟಿತು: ನಮ್ಮ ಮೀನಿನ ಗತಿಯೇನು? ಚರ್ಚೆಯ ನಂತರ 2019ರಲ್ಲಿ ಅದು ಕಾಯಿದೆಯಾಯಿತು. 2020ರ ಸಿಹಿನೀರಿನ ರಾಷ್ಟ್ರೀಯ ನೀತಿಯಲ್ಲಿ ಮೊದಲು ನಾಡಜೀವಿಗಳ ನೆಲೆಗೆ ರಕ್ಷಣೆ. ಆಮೇಲೆ, ಅದಕ್ಕೆ ಹೊಂದುವ ಮಟ್ಟಿಗೆ ಮಾತ್ರ, ಟ್ರೌಟಿನ ನೆಲೆಗೆ.

‘ಹೊಂದುವ ಮಟ್ಟಿಗೆ’ ಎಂಬ ಆ ಮಾತು ನನಗೆ ಹಿಡಿಸಿದೆ. ಅದು ಬಂದವನನ್ನು ಹೊರಗಟ್ಟುವುದಿಲ್ಲ, ಮನೆಯವನ ಎಲೆಯನ್ನು ಅವನ ಮುಂದಕ್ಕೆ ಎಳೆಯುವುದೂ ಇಲ್ಲ. ಕಾಯಿದೆಗಳು ಮತ್ತೆ ಬದಲಾಗಬಹುದು. ಪಂಕ್ತಿಯ ಈ ಕ್ರಮ ಮಾತ್ರ ತಪ್ಪದಿರಲಿ. ಉಪೊಕೊರೊರೊ ಆ ಪಂಕ್ತಿಗೆ ಬರಲಿಲ್ಲ. ಅದಕ್ಕೆ ಎಲೆ ಹಾಕುವ ಹೊತ್ತಿಗೆ ಉಣ್ಣುವವನೇ ಇರಲಿಲ್ಲ.