ಪರಂಗಿಯವರ ತಲೆಗೆ ಕಟ್ಟಿದ ರೋಗ

ಮೈಸೂರು ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಅಂತಾರೆ. ಗ್ರಂಧಿಗೆ ಅಂಗಡಿಯಲ್ಲಿ ಪರಂಗಿ ಚಕ್ಕೆ ಅನ್ನೋ ಬೇರೂ ಸಿಗುತ್ತೆ. ಪರಂಗಿ ಅಂದ್ರೆ ಯುರೋಪಿನವನು. ಪಾರಸಿಯ 'ಫರಂಗಿ' ನಮ್ಮ ಬಾಯಲ್ಲಿ ಹೀಗಾಯ್ತು. ಹಣ್ಣು ಹಡಗಿನಲ್ಲಿ ಬಂತು, ಜೊತೆಗೆ ಒಂದು ರೋಗವೂ ಬಂತು. 16ನೇ ಶತಮಾನದ 'ಭಾವಪ್ರಕಾಶ'ದಲ್ಲಿ ಭಾವಮಿಶ್ರ ಅದನ್ನು 'ಫಿರಂಗ ರೋಗ' ಅಂತ ಕರೆದು, ಪಾದರಸದ ಮದ್ದನ್ನೂ ಇದೇ ಚಕ್ಕೆಯನ್ನೂ ಹೇಳಿದ್ದಾನೆ. ಇವತ್ತು ನಾವು ಸಿಫಿಲಿಸ್ ಅನ್ನೋದು ಅದನ್ನೇ.

ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1515ರಲ್ಲಿ ಹೊರ್ಮುಜ್. ಆ ಕಾಲಕ್ಕೆ ನಮ್ಮ ಭಟ್ಕಳದಿಂದ ಅಕ್ಕಿ, ಸಕ್ಕರೆ ಹೊರ್ಮುಜ್‌ಗೆ ಹೋಗ್ತಿತ್ತು, ಅಲ್ಲಿಂದ ಕುದುರೆ ಬರ್ತಿತ್ತು. (ಭಟ್ಕಳದವರಿಗೆ ದುಬೈ ದಾರಿ ಹೊಸದೇನಲ್ಲ!) ಆಚೆ ದಡದ ಪಾರಸಿ ವೈದ್ಯರೂ ಇದನ್ನು ಫರಂಗಿಯವರ ಹುಣ್ಣು ಅಂತಲೇ ಕರೆದರು. ಇಟಲಿಯವರು ಫ್ರೆಂಚರ ರೋಗ ಅಂದರೆ, ಫ್ರೆಂಚರು ನೇಪಲ್ಸ್‌ನವರದು ಅಂದರು. ಯಾರೂ ತಮ್ಮದು ಅನ್ನಲಿಲ್ಲ.

ಆದರೆ ಅರಬ್ ನಾಡಿನ ಬೆದೂಯಿನ್‌ರಲ್ಲಿ 'ಬೆಜೆಲ್' ಅಂತ ಇದರ ದಾಯಾದಿ ರೋಗವೊಂದು ಇತ್ತು. ಅದಕ್ಕೆ ಲೈಂಗಿಕ ಸಂಬಂಧ ಬೇಕಿಲ್ಲ. ಒಂದೇ ಲೋಟದಲ್ಲಿ ಕುಡಿದರೂ ಮಕ್ಕಳಿಗೆ ಬರ್ತಿತ್ತು, ಬಾಯಲ್ಲೇ ಹುಣ್ಣಾಗ್ತಿತ್ತು. ರೋಗ ಬಾಯಿಂದಲೂ ದಾಟುತ್ತೆ ಅನ್ನೋದಕ್ಕೆ ಮರುಭೂಮಿಯಲ್ಲೇ ಸಾಕ್ಷಿಯಿತ್ತು.

ಓರಲ್ ಸೆಕ್ಸ್‌ನಲ್ಲಿ ಅಪಾಯವೇ ಇಲ್ಲ ಅಂತ ನಂಬಿರೋರು ಬಹಳ. ಎಚ್‌ಐವಿ ಮಟ್ಟಿಗೆ ಅಪಾಯ ತೀರಾ ಕಡಿಮೆ, ನಿಜ. ಸಿಫಿಲಿಸ್, ಹರ್ಪಿಸ್, ಗೊನೋರಿಯಾ ಹಾಗಲ್ಲ. ಸಿಫಿಲಿಸ್ ಹುಣ್ಣು ನೋಯೋದಿಲ್ಲ, ಹಾಗಾಗಿ ಬಾಯಲ್ಲಿದ್ದರೂ ಗೊತ್ತಾಗದೆ ಹೋಗಬಹುದು. ಗಂಟಲಿನ ಗೊನೋರಿಯಾಕ್ಕಂತೂ ಎಷ್ಟೋ ಸಲ ಲಕ್ಷಣವೇ ಇರಲ್ಲ. ಎಚ್‌ಪಿವಿ ವೈರಸ್ಸಿನಿಂದ ಗಂಟಲಿನ ಕ್ಯಾನ್ಸರೂ ಬರಬಹುದು. ಅಬುಧಾಬಿ 2008ರಲ್ಲೇ ಶಾಲಾ ಹುಡುಗಿಯರಿಗೆ ಅದರ ಲಸಿಕೆ ಶುರುಮಾಡಿತು.

ಇನ್ನು ವೀಸಾ ಮೆಡಿಕಲ್. ಎಚ್‌ಐವಿಗೆ ರಕ್ತ, ಟಿಬಿಗೆ ಎದೆಯ ಎಕ್ಸ್‌ರೇ. ಸಿಫಿಲಿಸ್ ಪರೀಕ್ಷೆ ಮನೆಕೆಲಸದವರಂಥ ಕೆಲವು ಕೆಲಸಗಳಿಗೆ ಮಾತ್ರ. ಮನೆಯಾಕೆಗೆ ಅಡುಗೆ ಮಾಡಿಕೊಡೋಳನ್ನು ಪರೀಕ್ಷಿಸ್ತಾರೆ, ಊಟ ಮಾಡೋ ಯಜಮಾನನನ್ನಲ್ಲ. ಹಳೇ ಪರಂಗಿ ಬುದ್ಧಿಯೇ ಇದು ಅಂತ ನನಗನ್ನಿಸುತ್ತೆ. ಎಚ್‌ಐವಿ ಪಾಸಿಟಿವ್ ಬಂದರೆ ವಾಸದ ವೀಸಾ ಇಲ್ಲ. ಈ ಹೆದರಿಕೆಗೆ, ಮದ್ದಿರುವ ರೋಗವನ್ನೂ ಜನ ಮುಚ್ಚಿಡ್ತಾರೆ. ಸಿಫಿಲಿಸ್‌ಗೆ ಪೆನಿಸಿಲಿನ್ ಸಾಕು ಅಂತ 1943ರಲ್ಲೇ ಗೊತ್ತಾಗಿದೆ.

'ಫಿಟ್' ಅಂತ ಬಂದ ಕಾಗದ, ಹುಡುಕಿದ್ದು ಸಿಗಲಿಲ್ಲ ಅಂತಷ್ಟೇ ಹೇಳುತ್ತೆ. ಅಲ್ಲಿ ಗಂಟಲನ್ನು ಯಾರೂ ನೋಡಿರಲ್ಲ. ಮೂತ್ರ ಪರೀಕ್ಷೆಯಲ್ಲೂ ಗಂಟಲಿನ ಗೊನೋರಿಯಾ ಸಿಗೋದಿಲ್ಲ. ಹಾಗಾಗಿ ಅನುಮಾನ ಇದ್ದರೆ ಡಾಕ್ಟರಿಗೆ ನಾವೇ ಬಾಯಿಬಿಟ್ಟು ಹೇಳಬೇಕು: "ಗಂಟಲಿಂದಲೂ ಸ್ವಾಬ್ ತಗೊಳ್ಳಿ."